‘ಉದ್ಯೋಗ 8:7’: ದಿನಧ್ಯಾನದ ಪುಸ್ತಕ ಕೊಳ್ಳುವ ಮೊದಲು ನಮ್ಮ ಮನೆಯ ಕಥೆ ಕೇಳಿ

ಡಿಸೆಂಬರ್ ಬಂತು. ಇನ್ನು ನಮ್ಮ ದಾವಣಗೆರೆಯ ಕ್ರೈಸ್ತ ಸಭೆಗಳಲ್ಲಿ ಕ್ಯಾಲೆಂಡರ್, ಬೈಬಲ್ ವಾಕ್ಯ ಅಚ್ಚಾದ ವಾಗ್ದಾನದ ಕಾರ್ಡು, ವರ್ಷಪೂರ್ತಿ ಓದುವ ದಿನಧ್ಯಾನದ ಪುಸ್ತಕ ಎಲ್ಲ ಮಾರಾಟಕ್ಕೆ ಬರುತ್ತವೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಪುಸ್ತಕ ಮನೆಗೆ ತಂದವನು ನಾನೇ. ದುಡ್ಡು ಹೋಯಿತು, ಅದು ಹೋಗಲಿ. ಅವ್ವ ಹೋಗುವುದೂ ಸ್ವಲ್ಪದರಲ್ಲೇ ತಪ್ಪಿತು.

ನಾನು ಟೇಲರ್. ಚೌಕಿಪೇಟೆ ಕಡೆ ಸಣ್ಣ ಅಂಗಡಿ. ಮನೆಯಲ್ಲಿ ಅವ್ವ, ಹೆಂಡತಿ, ತಮ್ಮ. ಅವ್ವನಿಗೆ ಆಗ 64 ವರ್ಷ, ಶುಗರ್ ಬಂದು 11 ವರ್ಷ. ತಮ್ಮ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದ. ಆ ಜನವರಿಯಲ್ಲಿ ಊರಲ್ಲಿ ಒಂದು ಕಲ್ಯಾಣಮಂಟಪದಲ್ಲಿ ಮೂರು ದಿನದ ಪ್ರಾರ್ಥನಾಕೂಟ ಇತ್ತು. ಹೊರಗಿನವರು ಬಂದು ನಡೆಸಿದ್ದು. ಬಾಗಿಲ ಹತ್ತಿರ ಮೇಜು ಹಾಕಿ ಪುಸ್ತಕ ಇಟ್ಟಿದ್ದರು. ದಪ್ಪ ರಟ್ಟು, ಚಿನ್ನದ ಬಣ್ಣದ ಅಕ್ಷರ, ಜಿಪ್ ಇರುವ ಕವರ್. ಬೆಲೆ 750, ‘ಇವತ್ತು ಮಾತ್ರ 500’. ಅಕ್ಷರ ದೊಡ್ಡದಾಗಿತ್ತು, ಅವ್ವನಿಗೆ ಓದಲು ಅನುಕೂಲ ಅಂತ ತಗೊಂಡೆ. ನಾಲ್ಕು ನಿಮಿಷ ಕೂಡ ಆಗಿರಲಿಲ್ಲ. ಒಂದು ಬ್ಲೌಸ್‌ಗೆ ಲೈನಿಂಗ್ ಬಟ್ಟೆ ಆರಿಸಲು ಅರ್ಧ ಗಂಟೆ ಬೇಕು ನನಗೆ. ಇದಕ್ಕೆ ನಾಲ್ಕು ನಿಮಿಷ.

ಪುಸ್ತಕದಲ್ಲಿ ದಿನಕ್ಕೊಂದು ಪುಟ. ಮೇಲೆ ಒಂದು ವಾಕ್ಯ, ಕೆಳಗೆ ಹತ್ತು ಸಾಲು ವಿವರಣೆ, ಆಮೇಲೆ ‘ಇಂದಿನ ಘೋಷಣೆ’. ಆ ಘೋಷಣೆಯನ್ನು ಬಾಯಿಬಿಟ್ಟು ಏಳು ಸಲ ಹೇಳಬೇಕು. ಜನವರಿ 1ಕ್ಕೆ ಬೈಬಲ್‌ನ ಯೆರೆಮೀಯ 29:11. ನಿಮ್ಮ ಕುರಿತು ನನಗಿರುವ ಯೋಚನೆ ಹಿತದ ಯೋಚನೆ, ಅಹಿತದ್ದಲ್ಲ ಅಂತ ದೇವರು ಹೇಳುವ ವಾಕ್ಯ ಅದು, ಎಲ್ಲರಿಗೂ ಗೊತ್ತಿರುವುದೇ. ವಿವರಣೆಯಲ್ಲಿ, ಈ ತಿಂಗಳು ಮುಗಿಯುವುದರೊಳಗೆ ನಿನ್ನ ಮನೆಯ ಬಾಗಿಲು ತೆರೆಯುತ್ತದೆ ಎಂದು ಬರೆದಿತ್ತು. ಯಾರಿಗೆ ಖುಷಿ ಆಗಲ್ಲ ಹೇಳಿ? ಅವ್ವ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಘೋಷಣೆ ಹೇಳುತ್ತಿದ್ದಳು. ಗೋಡೆಯ ಆಚೆಯವರಿಗೂ ಕೇಳುತ್ತಿತ್ತು.

ಮಾರ್ಚ್ 14ರ ಪುಟ ಈಗಲೂ ನೆನಪಿದೆ. ಮೊದಲು ಅಲ್ಪವಾಗಿದ್ದರೂ ಕೊನೆಗೆ ಬಹಳ ವೃದ್ಧಿಯಾಗುತ್ತೀ ಎಂಬ ಅರ್ಥದ ವಾಕ್ಯ. ಅದರ ಕೆಳಗೆ ‘ಉದ್ಯೋಗ 8:7’ ಎಂದು ಅಚ್ಚಾಗಿತ್ತು. ಹೌದು, ಉದ್ಯೋಗ! ನನ್ನ ತಮ್ಮ ಅದನ್ನು ನೋಡಿ ಎದ್ದು ಕುಣಿಯುವುದೊಂದು ಬಾಕಿ. ಕೆಲಸ ಹುಡುಕುವವನಿಗೆ ‘ಉದ್ಯೋಗ’ ಅನ್ನುವ ಹೆಸರಿನ ವಾಕ್ಯವೇ ಸಿಕ್ಕಿದರೆ ಇನ್ನೇನು ಬೇಕು? ಹೆಂಡತಿ ಮಾತ್ರ, "ರೀ, ಉದ್ಯೋಗ ಅಂತ ಬೈಬಲ್‌ನಲ್ಲಿ ಯಾವ ಪುಸ್ತಕ ಇದೆ?" ಅಂದಳು. "ಸುಮ್ನಿರು, ಎಲ್ಲದಕ್ಕೂ ಅನುಮಾನ ನಿಂದು" ಅಂದೆ. ಅವತ್ತು ಅವಳ ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಪ್ರತಿ ತಿಂಗಳ ಕೊನೆಯ ಪುಟದಲ್ಲಿ ಒಂದು ಕ್ಯೂಆರ್ ಕೋಡ್ ಇತ್ತು. ‘ನಿನ್ನ ಬೀಜ ಬಿತ್ತು’ ಅಂತ ಮೇಲೆ ಬರೆದಿತ್ತು, ಅಂದರೆ ಕಾಣಿಕೆ ಕಳಿಸು ಅಂತ. ಜನವರಿಗೆ 500 ಕಳಿಸಿದೆವು. ಮರುದಿನವೇ ಫೋನ್ ಬಂತು, ಬಹಳ ಸಿಹಿ ಮಾತು, ಅವ್ವನ ಹೆಸರು ಹಿಡಿದು ಪ್ರಾರ್ಥನೆ ಮಾಡಿದರು. ವಾಟ್ಸಾಪ್ ಗುಂಪಿಗೆ ಸೇರಿಸಿದರು. ಫೆಬ್ರವರಿಗೆ 1,000. ಮಾರ್ಚ್ 14 ಆದಮೇಲೆ ತಮ್ಮನ ಕೆಲಸಕ್ಕೆ ‘ಪ್ರಥಮ ಫಲ’, ಅಂದರೆ ಮೊದಲ ಗಳಿಕೆಯ ಕಾಣಿಕೆ, ಅಂತ 5,000 ಕೇಳಿದರು. ಸಂಬಳವೇ ಬಂದಿಲ್ಲ, ಎಲ್ಲಿಯ ಪ್ರಥಮ ಫಲ? ಆದರೂ ಕೊಟ್ಟೆ. ಯುಗಾದಿಗೆ ಗಿರಾಕಿಗಳು ಜಾಸ್ತಿ, ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಆಮೇಲೆ 3,000, ಇನ್ನೊಂದು ಸಲ 2,000. ಪುಸ್ತಕದ 500 ಸೇರಿಸಿ ಒಟ್ಟು 12,000 ರೂಪಾಯಿ. ನನ್ನಂಥವನಿಗೆ ಅದು ಸಣ್ಣದಲ್ಲ.

ಜೂನ್‌ನಲ್ಲಿ ‘21 ದಿನದ ಉಪವಾಸ’ ಶುರುವಾಯಿತು. ಮಧ್ಯಾಹ್ನ ಮೂರರ ತನಕ ನೀರು ಬಿಟ್ಟು ಏನೂ ಇಲ್ಲ. ಮಾತ್ರೆ ಬಿಡಿ ಅಂತ ಪುಸ್ತಕದಲ್ಲಿ ಎಲ್ಲೂ ಇಲ್ಲ, ಸುಳ್ಳು ಹೇಳಬಾರದು. ಆದರೆ ಶುಗರ್ ಇರುವವರು, ವಯಸ್ಸಾದವರು, ಬಸುರಿಯರು ಡಾಕ್ಟರನ್ನು ಕೇಳಿ ಅನ್ನುವ ಒಂದು ಸಾಲೂ ಇರಲಿಲ್ಲ. ಬದಲಿಗೆ, ದೇಹ ದೂರು ಹೇಳಿದರೆ ಕಿವಿಗೊಡಬೇಡ ಎಂದಿತ್ತು. ಅವ್ವ ಎಂದಿನಂತೆ ಬೆಳಿಗ್ಗೆ ಶುಗರ್ ಮಾತ್ರೆ ನುಂಗಿದಳು, ತಿಂಡಿ ಬಿಟ್ಟಳು. ಒಂಬತ್ತನೇ ದಿನ ಹನ್ನೊಂದು ಗಂಟೆಗೆ ಹೆಂಡತಿ ಅಂಗಡಿಗೆ ಫೋನ್ ಮಾಡಿದಳು. ಅವ್ವನ ಕೈ ನಡುಗುತ್ತಿದೆ, ಮೈಯೆಲ್ಲ ತಣ್ಣನೆ ಬೆವರು, ಮಾತು ತೊದಲುತ್ತಿದೆ. ಪಕ್ಕದ ಮನೆಯವರು ಓಡಿ ಬಂದು ಮೀಟರ್‌ನಲ್ಲಿ ನೋಡಿದರೆ 46. 70ಕ್ಕಿಂತ ಕೆಳಗಿಳಿದರೇ ಅಪಾಯ ಅಂತೆ, ಅದು ನನಗೆ ಗೊತ್ತಾಗಿದ್ದು ಆಮೇಲೆ. ಇನ್ನೂ ನುಂಗುವಷ್ಟು ಎಚ್ಚರ ಇತ್ತು, ಸಕ್ಕರೆ ನೀರು ಕುಡಿಸಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಮಾತ್ರೆ ತಗೊಂಡು ಊಟ ಬಿಟ್ಟರೆ ಹೀಗೇ ಆಗುವುದು ಅಂತ ಡಾಕ್ಟರ್ ನನಗೆ ಬೈದರು. ಬೈಸಿಕೊಳ್ಳಬೇಕಾದವನೇ ನಾನು.

ಹಾಸಿಗೆ ಮೇಲೆ ಮಲಗಿ ಅವ್ವ ಹೇಳಿದ ಮಾತು ಮಾತ್ರ ಇವತ್ತಿಗೂ ಚುಚ್ಚುತ್ತದೆ. "ನನ್ನ ನಂಬಿಕೀನೇ ಸಾಲ್ದು ಕಣಪ್ಪ. ಇನ್ನೂ ಹನ್ನೆರಡು ದಿನ ಇತ್ತು." ಸಾಯುವ ಹಾಗಾಗಿ ಬದುಕಿದವಳಿಗೆ ನಾಚಿಕೆಯಾಗುತ್ತಿತ್ತು! ಗುಂಪಿನವರಿಗೆ ಫೋನ್ ಮಾಡಿ ವಿಷಯ ಹೇಳಿದೆ. "ನಿಮ್ಮ ಮನೆಯಲ್ಲಿ ಅಪನಂಬಿಕೆ ಇದೆ ಬ್ರದರ್" ಅಂದರು. ನಾನು ದನಿ ಏರಿಸಿದೆ. ಸಂಜೆಗೆ ನಂಬರ್ ಬ್ಲಾಕ್.

ನಮ್ಮ ಸಭೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಅವ್ವನನ್ನು ನೋಡಲು ಬಂದರು. ಪುಸ್ತಕ ಕೊಟ್ಟೆ. ಕನ್ನಡಕ ಹಾಕಿ ಸುಮಾರು ಹೊತ್ತು ತಿರುವಿದರು. ಮಾರ್ಚ್ 14ಕ್ಕೆ ಬಂದು ನಿಂತರು. ನಗು ತಡೆಯಲು ಆಗಲಿಲ್ಲ ಅವರಿಗೆ. "ಇದು ಉದ್ಯೋಗ ಅಲ್ಲಪ್ಪ, ಯೋಬ ಅನ್ನುವ ಪುಸ್ತಕ. ಇಂಗ್ಲಿಷಿನಲ್ಲಿ ಯೋಬನ ಹೆಸರನ್ನು Job ಅಂತ ಬರೆಯುತ್ತಾರೆ, ಕೆಲಸ ಅನ್ನುವ ಪದದ ಹಾಗೇ ಇರುತ್ತೆ. ಮಷೀನಿಗೆ ಹಾಕಿ ಕನ್ನಡ ಮಾಡಿದ್ದಾರೆ, ಅದಕ್ಕೆ ಯೋಬ ಯಾರು ಅಂತ ಏನು ಗೊತ್ತು?" ಆಮೇಲೆ ಹುಡುಕಿದರೆ ಇಂಥವು ಎಷ್ಟೋ. ಬೈಬಲ್‌ನ ಅಪೊಸ್ತಲರ ಕೃತ್ಯಗಳು, ಇಂಗ್ಲಿಷಿನ ‘ಆಕ್ಟ್ಸ್’, ‘ಕಾಯಿದೆಗಳು’ ಆಗಿತ್ತು. ಬೈಬಲ್‌ನ ಅರಣ್ಯಕಾಂಡ, ಇಂಗ್ಲಿಷಿನ ‘ನಂಬರ್ಸ್’, ‘ಸಂಖ್ಯೆಗಳು’ ಆಗಿತ್ತು. 17ನೇ ಕೀರ್ತನೆಯಲ್ಲಿ ಕಣ್ಣುಗುಡ್ಡೆಯಂತೆ ಕಾಪಾಡು ಅಂತ ದಾವೀದ ಬೇಡುತ್ತಾನಲ್ಲ, ಅದು ‘ಕಣ್ಣಿನ ಸೇಬು’! ಅವ್ವ ಅದನ್ನೂ ಏಳು ಸಲ ಘೋಷಿಸಿದ್ದಳು ಪಾಪ. ನಮ್ಮ ಪಕ್ಕದ ಬಳ್ಳಾರಿಯಲ್ಲಿ ಕೂತು ಮಿಷನರಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕಷ್ಟಪಟ್ಟು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂತು ಎಂದು ಮೇಷ್ಟ್ರು ಹೇಳಿದರು. ಆಮೇಲೆ ಬಂದವರು ಅದನ್ನು ಮತ್ತೆ ಮತ್ತೆ ತಿದ್ದಿದ್ದಾರೆ. ಅಷ್ಟು ಜನ ಅಷ್ಟು ದುಡಿದ ಭಾಷೆಯಲ್ಲಿ ಈಗ ಕಣ್ಣಿನ ಸೇಬು.

ನಗು ನಿಂತಮೇಲೆ ಮೇಷ್ಟ್ರು ಕೇಳಿದರು. "ತಪ್ಪು ಹೆಸರು ಬಿಡು. ಆ ಮಾತು ಹೇಳಿದ್ದು ಯಾರು?" ದೇವರು, ಅಂದೆ. ಸತ್ಯವೇದ, ಅಂದರೆ ಬೈಬಲ್, ತೆಗೆಸಿ ಯೋಬ 8ನೇ ಅಧ್ಯಾಯದ ಮೊದಲ ವಾಕ್ಯ ಓದಿಸಿದರು. ಮಾತಾಡುತ್ತಿರುವವನು ಯೋಬನ ಸ್ನೇಹಿತ ಬಿಲ್ದದ. ಮಕ್ಕಳನ್ನೆಲ್ಲ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತ ಯೋಬನಿಗೆ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೇ ಹಾಗಾಗಿರಬೇಕು ಅಂತ 4ನೇ ವಾಕ್ಯದಲ್ಲಿ ಹೇಳುವವನೇ ಅವನು. ನೀನು ಸರಿಯಾಗಿದ್ದರೆ ಎಲ್ಲ ವೃದ್ಧಿಯಾಗುತ್ತೆ ಅನ್ನುವುದು ಅದರ ಮುಂದಿನ ಮಾತು. ಆಮೇಲೆ 42:7 ತೆಗೆಸಿದರು. ಅಲ್ಲಿ ದೇವರು ಯೋಬನ ಇನ್ನೊಬ್ಬ ಸ್ನೇಹಿತ ಎಲೀಫಜನಿಗೆ, ನಿನ್ನ ಮೇಲೂ ನಿನ್ನ ಇಬ್ಬರು ಸ್ನೇಹಿತರ ಮೇಲೂ ನನಗೆ ಕೋಪ ಬಂದಿದೆ, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಆ ಇಬ್ಬರಲ್ಲಿ ಒಬ್ಬ ಈ ಬಿಲ್ದದ. ದೇವರೇ ಬೈದವನ ಮಾತಿಗೆ ನಾವು 5,000 ಕೊಟ್ಟಿದ್ದೆವು.

ನಾನು ತಲೆ ತಗ್ಗಿಸಿದ್ದು ನೋಡಿ ಮೇಷ್ಟ್ರು, "ನಮ್ಮನೇಲೂ ಅದೇ ವಾಕ್ಯದ ಕಾರ್ಡು ಹತ್ತು ವರ್ಷ ಗೋಡೆ ಮೇಲಿತ್ತು ಕಣಯ್ಯ" ಅಂದರು. ಆ ಮಾತು ಯಾರದು ಅಂತ ಯಾರೂ ಕೇಳಿರಲಿಲ್ಲವಂತೆ, ಅವರೂ.

ಆಮೇಲೆ ಜನವರಿ 1ರ ವಾಕ್ಯವನ್ನೂ ಹಾಗೇ ನೋಡಿದೆವು. ಯೆರೆಮೀಯ 29 ಒಂದು ಕಾಗದ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದದ್ದು. 5ನೇ ವಾಕ್ಯದಲ್ಲಿ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಎನ್ನುತ್ತಾನೆ. 11ರ ಹಿಂದಿನ ವಾಕ್ಯದಲ್ಲೇ 70 ವರ್ಷ ಅಂತಿದೆ. ಅಂದರೆ ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಎಷ್ಟೋ ಜನ ಊರಿಗೆ ಮರಳುವುದೇ ಇಲ್ಲ. ಆದರೂ ದೇವರು ಅವರನ್ನು ಬಿಟ್ಟಿಲ್ಲ. ಪುಸ್ತಕದವರು ಅದನ್ನು ‘ಈ ತಿಂಗಳೊಳಗೆ’ ಮಾಡಿದ್ದರು. ಅವ್ವ ಕೇಳಿಸಿಕೊಂಡು, "ಎಪ್ಪತ್ತು ವರ್ಷನಾ? ನಂಗೀಗ್ಲೇ ಅರವತ್ನಾಲ್ಕು" ಅಂದಳು. ಆಸ್ಪತ್ರೆಯಿಂದ ಬಂದಮೇಲೆ ಅವಳು ನಕ್ಕಿದ್ದು ಅವತ್ತೇ ಮೊದಲು.

ನಮ್ಮ ಕಡೆ ಬಟ್ಟೆ ಅಂಗಡಿಯಲ್ಲಿ ಕಟ್‌ಪೀಸ್ ಅಂತ ಮಾರುತ್ತಾರೆ. ಥಾನಿನಿಂದ ಕತ್ತರಿಸಿ ಉಳಿದ ತುಂಡು. ನೋಡಲು ಚೆನ್ನಾಗಿರುತ್ತೆ, ಅಳತೆ ಹಿಡಿದರೆ ಒಂದು ತೋಳಿಗೆ ಸಾಲದು. ಆ ಪುಸ್ತಕದ 365 ಪುಟವೂ ಕಟ್‌ಪೀಸ್. ಫಿಲಿಪ್ಪಿ 4:13 ಇತ್ತು, ಎಲ್ಲಕ್ಕೂ ಶಕ್ತನಾಗಿದ್ದೇನೆ ಅಂತ. ಹಸಿವೂ ಗೊತ್ತು, ಕೊರತೆಯೂ ಗೊತ್ತು ಅಂತ ಸೆರೆಯಲ್ಲಿದ್ದ ಅಪೊಸ್ತಲ ಪೌಲ ಬರೆಯುವ 12ನೇ ವಾಕ್ಯ ಇರಲಿಲ್ಲ. ಕೀರ್ತನೆಗಳಲ್ಲಿ ಅಳುವ ಕೀರ್ತನೆ ಎಷ್ಟೊಂದಿವೆ, ಒಂದೂ ಬಂದಿಲ್ಲ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅವ್ವನಿಗೆ ಅವತ್ತು ಬೇಕಿದ್ದದ್ದು ಅದು.

ಹಾಗಂತ ದಿನಧ್ಯಾನದ ಪುಸ್ತಕಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ದಿನಕ್ಕೊಂದು ವಾಕ್ಯ ಅನ್ನುವ ಪದ್ಧತಿ ಹಳೆಯದು. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಭೆಯವರು 1731ರಿಂದ ಪ್ರತಿ ವರ್ಷ ಅಂಥ ವಾಕ್ಯಗಳ ಪುಸ್ತಕ ಅಚ್ಚು ಹಾಕುತ್ತಾ ಬಂದಿದ್ದಾರೆ. ಹಳೇ ಒಡಂಬಡಿಕೆಯ ವಾಕ್ಯವನ್ನು ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯ ಜೊತೆಗೆ ಇಡುತ್ತಾರೆ. ಯಾವ ವಾಕ್ಯ ಬಂದರೂ ಬಂದಂತೆ, ಸಿಹಿಯದ್ದನ್ನೇ ಹೆಕ್ಕುವಂತಿಲ್ಲ. ನಮ್ಮ ಪಕ್ಕದ ಮನೆಯವರು ಕ್ಯಾಥೊಲಿಕರು, ಪ್ರತಿ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋಗುತ್ತಾರೆ. ಅವತ್ತು ಮೀಟರ್ ತಂದು ಅವ್ವನನ್ನು ಉಳಿಸಿದವರೂ ಅವರೇ. ಅವರ ಪೂಜೆಯಲ್ಲಿ ಓದುವ ಭಾಗಗಳು ಮೊದಲೇ ಗೊತ್ತಾಗಿರುತ್ತವೆ, ಭಾನುವಾರದ್ದು ಮೂರು ವರ್ಷಕ್ಕೊಂದು ಸುತ್ತು. ಅವರ ಎಷ್ಟೋ ಪುಸ್ತಕಗಳ ಒಳಪುಟದಲ್ಲಿ ಬಿಷಪ್ಪರ ಅನುಮತಿಯ ಸಾಲು ಇರುತ್ತದೆ. ಬರಹ ಚೆನ್ನಾಗಿದೆ ಅನ್ನುವುದಕ್ಕೆ ಅದು ಸರ್ಟಿಫಿಕೇಟ್ ಅಲ್ಲ. ಆದರೆ ಕೇಳಲು ಒಬ್ಬರು ಇದ್ದಾರೆ, ಅಲ್ವಾ? ನಾನು ತಂದ ಪುಸ್ತಕದಲ್ಲಿ ಬರೆದವರ ಹೆಸರಿತ್ತು, ದೊಡ್ಡ ಫೋಟೋ ಇತ್ತು. ಅನುವಾದಿಸಿದವರ ಹೆಸರಿಲ್ಲ, ಪ್ರಕಾಶಕರ ವಿಳಾಸ ಇಲ್ಲ, ಯಾವ ಬೈಬಲ್‌ನಿಂದ ವಾಕ್ಯ ತಗೊಂಡರು ಅನ್ನುವುದೂ ಇಲ್ಲ. ಒಂದು ಮೊಬೈಲ್ ನಂಬರ್ ಮಾತ್ರ.

ಈಗ ನಾನು ಪುಸ್ತಕ ಕೊಳ್ಳುವ ರೀತಿ ಬೇರೆ. ಮೊದಲು ಒಳಪುಟ ನೋಡುತ್ತೇನೆ. ಆಮೇಲೆ ನಡುವೆ ಎಲ್ಲೋ ಮೂರು ದಿನ ತೆರೆದು, ಜೇಬಿನಲ್ಲಿರುವ ಸಣ್ಣ ಸತ್ಯವೇದದಲ್ಲಿ ಆ ವಾಕ್ಯ ತೆಗೆದು ಹಿಂದೆ ಮುಂದೆ ಹತ್ತು ವಾಕ್ಯ ಓದುತ್ತೇನೆ. ಪುಸ್ತಕ ಹೇಳುವುದಕ್ಕೂ ಅದಕ್ಕೂ ಸಂಬಂಧ ಇಲ್ಲದಿದ್ದರೆ ಅಲ್ಲೇ ಇಟ್ಟು ಬರುತ್ತೇನೆ. ಅಂಗಡಿಯವರು ಗುರಾಯಿಸಿದರೆ ಗುರಾಯಿಸಲಿ. ಬೆರೋಯ ಅನ್ನುವ ಊರಿನವರು ಪೌಲನ ಮಾತನ್ನೇ ದಿನಾ ಶಾಸ್ತ್ರದಲ್ಲಿ ಹುಡುಕಿ ನೋಡುತ್ತಿದ್ದರಂತೆ, ಅಪೊಸ್ತಲರ ಕೃತ್ಯಗಳು 17:11. ಈ ಪುಸ್ತಕದವರೇ ಅದನ್ನು ‘ಕಾಯಿದೆಗಳು’ ಅಂತ ಅಚ್ಚು ಹಾಕಿದ್ದರು. ಕಾಯಿಲೆಯ ಬಗ್ಗೆ, ಸಾವಿನ ಬಗ್ಗೆ ಒಂದು ಪುಟವಾದರೂ ಇದೆಯಾ ಅಂತಲೂ ನೋಡುತ್ತೇನೆ. ಕ್ಯೂಆರ್ ಕೋಡ್ ಇದ್ದರೆ ಮುಟ್ಟುವುದೇ ಇಲ್ಲ. ಇದು ಸ್ವಲ್ಪ ಜಾಸ್ತಿ ಆಯಿತು ಅಂತ ಹೆಂಡತಿ ಅನ್ನುತ್ತಾಳೆ, ಒಳ್ಳೆಯವರೂ ಕ್ಯೂಆರ್ ಹಾಕುತ್ತಾರೆ ಅಂತ. ಇರಬಹುದು. ನನ್ನ ಕೈ ಸುಟ್ಟಿದೆ.

ಸದ್ಯಕ್ಕೆ ನಮ್ಮ ಮನೆಯಲ್ಲಿ ದಿನಧ್ಯಾನದ ಪುಸ್ತಕವೇ ಇಲ್ಲ, ನೇರ ಬೈಬಲನ್ನೇ ಓದುತ್ತೇವೆ. ನಮ್ಮ ಬೈಬಲ್‌ನಲ್ಲಿ 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರು ನಾಲ್ಕು ಓದಿದರೆ ವರ್ಷಕ್ಕೆ ಮುಗಿಯುತ್ತೆ. ನಮಗೆ ಅಷ್ಟು ಆಗಲ್ಲ, ಒಂದೇ ಓದುತ್ತೇವೆ. ರಾತ್ರಿ ಊಟ ಆದಮೇಲೆ ತಮ್ಮ ಓದುತ್ತಾನೆ. ಅವನಿಗೆ ಹೋದ ವರ್ಷ ಪಿಬಿ ರಸ್ತೆಯ ಒಂದು ಶೋರೂಮ್‌ನಲ್ಲಿ ಕೆಲಸ ಸಿಕ್ಕಿತು, ಗೆಳೆಯ ಹೇಳಿ ಕೊಡಿಸಿದ್ದು. ಅವ್ವ ಮಧ್ಯೆ ತಡೆದು, "ಈಗ ಮಾತಾಡ್ತಿರೋದು ಯಾರು?" ಅಂತ ಕೇಳುತ್ತಾಳೆ. ಅವನಿಗೆ ರೇಗುತ್ತದೆ.

ಕಳೆದ ವಾರ ಗಾಂಧಿ ಸರ್ಕಲ್ ಹತ್ತಿರ ಒಬ್ಬರ ಕೈಯಲ್ಲಿ ಅದೇ ಪುಸ್ತಕ ನೋಡಿದೆ. ಈ ಸಲ ಹೆಸರು ಬೇರೆ, ರಟ್ಟು ನೀಲಿ, ಬೆಲೆ 850. ಒಂದು ನಿಮಿಷ ಕೊಡಿ ಅಂತ ಇಸ್ಕೊಂಡು ಮಾರ್ಚ್ 14 ತೆಗೆದೆ. ಕಣ್ಣಿನ ಸೇಬನ್ನು ಎಲ್ಲೋ ತಿದ್ದಿದ್ದಾರೋ ಏನೋ, ನೋಡಲಿಲ್ಲ. ‘ಉದ್ಯೋಗ 8:7’ ಮಾತ್ರ ಹಾಗೇ ಇದೆ.