ಎಪಾಕ್ಸಿ ಡಬ್ಬಿ ಮತ್ತು ಕೊಪ್ಪಳದ ಬಿಸಿಲು: ಎರಡು ವರ್ಷ ಬಳಸಿದ ಮೇಲೆ

ಎಪಾಕ್ಸಿ ಅಂದ್ರೆ ರೆಸಿನ್, ಹಾರ್ಡನರ್ ಎರಡನ್ನೂ ಕಲಸಿದರೆ ಕಲ್ಲಿನಂತೆ ಗಟ್ಟಿಯಾಗೋ ಅಂಟು. ದೋಣಿ ರಿಪೇರಿಗೆ ಅಂತ ತರಿಸಿದ್ದೆ. ಕಲಸಿದ ಮೇಲೆ ಗಟ್ಟಿಯಾಗೋಕೆ ಮುಂಚೆ 30 ನಿಮಿಷ ಟೈಮ್ ಇರುತ್ತೆ ಅಂತ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ನನಗೆ ಹತ್ತು ನಿಮಿಷವೂ ಸಿಗಲಿಲ್ಲ.

2024ರ ಏಪ್ರಿಲ್. ಮುನಿರಾಬಾದ್ ಹತ್ತಿರ ತುಂಗಭದ್ರಾ ಡ್ಯಾಂ ಹಿನ್ನೀರಿನ ದಡ, ಮಧ್ಯಾಹ್ನದ ಹೊತ್ತು. ಬೇವಿನ ನೆರಳಲ್ಲೇ ಕೂತು ಪ್ಲಾಸ್ಟಿಕ್ ಮಗ್ಗಿನಲ್ಲಿ ಅರ್ಧ ಕಿಲೋ ಕಲಸಿದೆ. ಮೊದಲು ಮಗ್ಗು ಬೆಚ್ಚಗಾಯಿತು. ಆಮೇಲೆ ಕೈಯಲ್ಲಿ ಹಿಡಿಯೋಕೆ ಆಗಲಿಲ್ಲ. ಆಮೇಲೆ ಹೊಗೆ. ನಮ್ಮ ಮಾವ ದೂರದಿಂದಲೇ ಕೂಗಿದರು: "ಅಳಿಯಂದ್ರ, ಹುಗ್ಗಿ ಮಾಡಾಕತ್ತೀರೇನು? ತಳ ಹತ್ತೈತಿ ನೋಡ್ರಿ!" ಕಲಸುತ್ತಿದ್ದ ಕಡ್ಡಿ ಅಲ್ಲೇ ಕಲ್ಲಾಗಿ ನಿಂತಿತು. ಆರುನೂರು ರೂಪಾಯಿ ನೀರಲ್ಲಿ ಹೋಮ. ಆ ಮಗ್ಗು ಈಗ ಅಂಗಡಿ ಬಾಗಿಲಿಗೆ ಆನಿಸಿ ಇಡೋಕೆ ಬರುತ್ತಿದೆ.

ಡಬ್ಬಿಯ ಹಿಂಬದಿ ಸಣ್ಣ ಅಕ್ಷರ ಓದಿದ್ದು ಅದಾದ ಮೇಲೆ. ಆ 30 ನಿಮಿಷ 25 ಡಿಗ್ರಿಯ ಲೆಕ್ಕ! ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ ಅದನ್ನೆಲ್ಲಿಂದ ತರೋದು? ಅದೂ ಅಲ್ಲದೆ ಒಂದೇ ಮಗ್ಗಿನಲ್ಲಿ ಅಷ್ಟು ಕಲಸಿದರೆ ಒಳಗೆ ಹುಟ್ಟೋ ಕಾವು ಹೊರಗೆ ಹೋಗಲ್ಲ. ಇದನ್ನು ಮುಂದೆ ದಪ್ಪಗೆ ಬರೆಯಬಾರದಾ? ಅವತ್ತೇ ಒಂದು ಸ್ಟಾರ್ ಕೊಟ್ಟು ಕೈತೊಳೆದುಕೊಳ್ಳಬೇಕು ಅಂದುಕೊಂಡಿದ್ದೆ.

ದೋಣಿ ಮಾವನದು. ಹಳೇ ಫೈಬರ್ ದೋಣಿ, ಬಲೆ ಹಾಕೋಕೆ ಹೋಗೋದು. ಮೋಟಾರು ಕೂರಿಸೋ ಹಿಂದಿನ ಹಲಗೆ ಅಲ್ಲಾಡುತ್ತಿತ್ತು. ಸ್ಪ್ಯಾನರ್‌ನಿಂದ ತಟ್ಟಿದರೆ ಅಂಚಿನಲ್ಲಿ ಟಣ್, ನಡುವೆ ಡಬ್. ಬೋಲ್ಟಿನ ತೂತಿನಿಂದ ವರ್ಷಗಟ್ಟಲೆ ನೀರು ಇಳಿದು, ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ ಲಡ್ಡಾಗಿತ್ತು. ಸುಮ್ನೆ ತೂತು ಕೊರೆದು ಎಪಾಕ್ಸಿ ಸುರೀರಿ ಅಂತ ಒಬ್ಬರು ಹೇಳಿದರು. ಒದ್ದೆ ಮರಕ್ಕೆ ಅದು ಹಿಡಿಯಲ್ಲ, ನೀರು ಒಳಗೇ ಉಳಿಯುತ್ತೆ. ಒಳಗಿನ ಪದರ ಕೊಯ್ದು ಎಲ್ಲ ಕೆರೆದು ತೆಗೆದೆ. ಒಣಗಿಸೋ ಕೆಲಸ ಮಾತ್ರ ನಮ್ಮ ಬಿಸಿಲು ಪುಕ್ಕಟೆ ಮಾಡಿಕೊಟ್ಟಿತು. ಆಮೇಲೆ ಐಎಸ್ 710 ಗುರುತಿನ ಮರೀನ್ ಪ್ಲೈ (ನೀರು ತಡೆಯೋ ಪ್ಲೈವುಡ್), 19 ಮಿಲಿಮೀಟರಿನ ಎರಡು ಹಲಗೆ ಅಂಟಿಸಿ ಕೂರಿಸೋದು.

ಎರಡನೇ ಸಲ ಬೆಳಗಿನ ಐದಕ್ಕೆ ಕೂತೆ. ಹಿಂದಿನ ರಾತ್ರಿಯೇ ಡಬ್ಬಿಗಳ ಮುಚ್ಚಳ ಬಿಗಿಮಾಡಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದೆ. ಅಡುಗೆಮನೆ ತಕ್ಕಡಿಯಲ್ಲಿ ರೆಸಿನ್ 100 ಗ್ರಾಂ, ಹಾರ್ಡನರ್ 50 ಗ್ರಾಂ. ಅದಕ್ಕಿಂತ ಜಾಸ್ತಿ ಇಲ್ಲ. ಹಾರ್ಡನರ್ ಕಮ್ಮಿ ಹಾಕಿದರೆ ನಿಧಾನ ಆಗುತ್ತೆ ಅಂತ ಆಸೆಪಡಬೇಡಿ, ಅಂಟಂಟಾಗಿಯೇ ಉಳಿದುಬಿಡುತ್ತೆ. ಅಂಚು, ತಳ ಕೆರೆದು ಕೆರೆದು ಮೂರು ನಿಮಿಷ ತಿರುವಿ, ತಕ್ಷಣ ಅಗಲ ತಟ್ಟೆಗೆ ಸುರಿದೆ. ತೆಳ್ಳಗೆ ಹರಡಿದರೆ ಬಿಸಿಯಾಗಲ್ಲ. ಮೊದಲ ಕೋಟು ಬ್ರಷ್ಷಿನಲ್ಲಿ. ಬರೀ ಮರ ಎಣ್ಣೆ ಕುಡಿದ ಹಾಗೆ ಕುಡಿದು ಕಪ್ಪೇರುತ್ತಾ ಹೋಗುತ್ತೆ, ಅದನ್ನು ನೋಡೋದೇ ಒಂದು ಸುಖ. ಮುಂದಿನದಕ್ಕೆ ಎಪಾಕ್ಸಿ ದಪ್ಪ ಮಾಡೋ ಪುಡಿ ಸೇರಿಸಿ ಗಟ್ಟಿ ಚಟ್ನಿ ಹದ. ಆಗ ಹಿನ್ನೀರಿನ ಮೇಲೆ ಗಾಳಿ ತಣ್ಣಗಿತ್ತು. ಮಾವ ಚಹಾ ತಂದರು, ಹುಗ್ಗಿ ಸುದ್ದಿ ಎತ್ತಲಿಲ್ಲ. ಹತ್ತು ದಿನ ಹೀಗೇ ನಡೆಯಿತು. ನಿಜ ಹೇಳಬೇಕಂದ್ರೆ ಕೆಲಸ ಮುಗಿದಾಗ ಬೇಜಾರಾಯಿತು.

ಎರಡು ಮಾತು ನೆನಪಿರಲಿ. ಮರುದಿನ ಮೇಲೆ ಮೇಣದಂಥ ಜಿಡ್ಡು ಕೂತಿರಬಹುದು. ನೀರಲ್ಲಿ ತಿಕ್ಕಿ ತೊಳೆಯದೆ ಮುಂದಿನ ಕೋಟು ಹಾಕಬೇಡಿ. ಬೋಲ್ಟಿನ ತೂತು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಕೊರೆಯಿರಿ. ಆಗ ಬೋಲ್ಟಿನ ನೀರು ಮರ ಮುಟ್ಟಲ್ಲ.

ಜುಲೈ ಕೊನೆಗೆ ಡ್ಯಾಂ ತುಂಬಿತು, ದೋಣಿ ಇಳಿಸಿದೆವು. ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಗಿ ನೀರು ಇಳಿಯಿತು ನೋಡಿ, ದೋಣಿ ಕಲ್ಲುಬಂಡೆ ಮೇಲೆ ಕೂತು ತಳವೆಲ್ಲ ಗೀಚಿತು. ಹಿಂದಿನ ಹಲಗೆಗೆ ಏನೂ ಆಗಲಿಲ್ಲ. ಈಗಲೂ ತಟ್ಟಿದರೆ ಉದ್ದಕ್ಕೂ ಟಣ್. ಪೇಂಟು ಎದ್ದ ಒಂದು ಮೂಲೆಯಲ್ಲಿ ಮಾತ್ರ ಬಿಸಿಲಿಗೆ ಹಳದಿಯಾಗಿದೆ, ಅದು ನನ್ನದೇ ಸೋಮಾರಿತನ.

ಎರಡು ಸೆಟ್ಟಿಗೆ 3,600 ರೂಪಾಯಿ ಆಯಿತು, ಸುಟ್ಟಿದ್ದೂ ಸೇರಿ. ನಾಲ್ಕು ಸ್ಟಾರ್. ಐದನೆಯದು ಆ ಸಣ್ಣ ಅಕ್ಷರಕ್ಕೆ ಹೋಯಿತು. ನೆಲದ ಹಲಗೆ ಇನ್ನೂ ಬಾಕಿ ಇದೆ, ಮತ್ತೊಂದು ಸೆಟ್ ತರಿಸುತ್ತೇನೆ. ಆದರೆ ನಿಧಾನದ ಹಾರ್ಡನರ್, ಮತ್ತು ಡಿಸೆಂಬರ್‌ನಲ್ಲಿ.