‘ಓಡುತ್ತಿದೆ’ ಎಂಬ ಒಂದೇ ಮಾತನ್ನು ನಂಬಿ ಹಳೆಯ ಜೇಬುಗಡಿಯಾರ ಕೊಳ್ಳಬೇಡಿ

ಹಳೆಯ ಜೇಬುಗಡಿಯಾರಗಳನ್ನು ಬೀರುವಿನಲ್ಲಿ ಮುಚ್ಚಿಡದೆ ದಿನವೂ ಜೇಬಿನಲ್ಲಿಟ್ಟುಕೊಂಡು ಓಡಾಡಬೇಕೆಂಬ ಆಸೆಯುಳ್ಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೂರು ವರ್ಷ ದಾಟಿದ್ದ ಅಮೆರಿಕದ ಗಡಿಯಾರವೊಂದು ನನ್ನ ಕೈಗೆ ಬಂದ ನಾಲ್ಕೇ ತಿಂಗಳಲ್ಲಿ ಹಾಳಾಯಿತು. ಅದಕ್ಕೆ ಮಾರಿದವರ ಸುಳ್ಳು ಎಷ್ಟು ಕಾರಣವೋ, ನಾನು ಕೇಳದೆ ಬಿಟ್ಟ ಪ್ರಶ್ನೆಗಳೂ ಅಷ್ಟೇ ಕಾರಣ.

ಮಾರಾಟದ ವಿವರಣೆಯಲ್ಲಿ ಮೂರು ಮಾತುಗಳಿದ್ದವು: ಹದಿನಾಲ್ಕು ಕ್ಯಾರೆಟ್ ಚಿನ್ನ, ಇತ್ತೀಚೆಗೆ ಸರ್ವಿಸ್ ಆಗಿದೆ, ಚೆನ್ನಾಗಿ ಓಡುತ್ತಿದೆ. ಬಿಳಿ ಎನಾಮೆಲ್ ಡಯಲ್, ನೀಲಿ ಉಕ್ಕಿನ ಮುಳ್ಳುಗಳು, ಹಿಂಬದಿಯ ಹೂಬಳ್ಳಿಯ ಕೆತ್ತನೆ, ಎಲ್ಲದರ ಚಿತ್ರವೂ ಇತ್ತು. ಒಳಗಿನ ಯಂತ್ರದ ಚಿತ್ರ ಮಾತ್ರ ಒಂದೂ ಇರಲಿಲ್ಲ.

ಗಡಿಯಾರ ತಲುಪಿದ ದಿನವೇ ಹಿಂದಿನ ಮುಚ್ಚಳ ತೆರೆದಾಗ, ಒಳಮೈಯಲ್ಲಿ ಹದಿನಾಲ್ಕು ಕ್ಯಾರೆಟ್ಟಿನ ಮುದ್ರೆಯ ಕೆಳಗೆ ‘20 ವರ್ಷಗಳ ಖಾತರಿ’ ಎಂಬರ್ಥದ ಸಣ್ಣಕ್ಷರದ ಸಾಲೊಂದು ಕಾಣಿಸಿತು. ಆ ಖಾತರಿ ಗಡಿಯಾರದ ಓಟಕ್ಕೆ ಸಂಬಂಧಿಸಿದ್ದಲ್ಲ. ಅಗ್ಗದ ಲೋಹದ ಮೇಲೆ ಬೆಸೆದ ಚಿನ್ನದ ತೆಳುಹಾಳೆ ಅಷ್ಟು ವರ್ಷ ಸವೆಯದೆ ಉಳಿಯುತ್ತದೆ ಎಂದು ಕವಚ ತಯಾರಿಸಿದವರು ಕೊಡುತ್ತಿದ್ದ ಭರವಸೆ ಅದು. ಪೂರ್ತಿ ಚಿನ್ನದ ಕವಚಕ್ಕೆ ಇಂಥ ವರ್ಷಗಳ ಲೆಕ್ಕ ಬೇಕಾಗುವುದಿಲ್ಲ. ಮುದ್ರೆ ಓದಿದ ಮೇಲೆ ನೋಡಿದರೆ, ಮುಚ್ಚಳದ ಕೀಲಿನ ಬಳಿ ಹಳದಿ ಮಾಸಿ ಒಳಗಿನ ಹಿತ್ತಾಳೆ ಇಣುಕುತ್ತಿತ್ತು.

ತಯಾರಾದ ವರ್ಷವನ್ನೂ ಮಾರಿದವರು ತಪ್ಪಾಗಿ ಹೇಳಿದ್ದರು, ಏಕೆಂದರೆ ಕವಚದ ಮೇಲಿನ ಸಂಖ್ಯೆಯಿಂದ ಲೆಕ್ಕ ಹಾಕಿದ್ದರು. ವಾಲ್ಥಮ್, ಎಲ್ಜಿನ್ ಮೊದಲಾದ ಅಮೆರಿಕದ ಕಂಪನಿಗಳು ಬಹುಕಾಲ ಯಂತ್ರವನ್ನಷ್ಟೇ ಮಾರುತ್ತಿದ್ದವು. ಗಿರಾಕಿ ತನಗೆ ಬೇಕಾದ ಕವಚವನ್ನು ಅಂಗಡಿಯಲ್ಲಿ ಬೇರೆಯಾಗಿ ಆರಿಸಿಕೊಳ್ಳುತ್ತಿದ್ದ. ಆದ್ದರಿಂದ ವರ್ಷ ತಿಳಿಯಲು ಯಂತ್ರದ ಮೇಲೆ ಕೆತ್ತಿದ ಸಂಖ್ಯೆಯೇ ಆಧಾರ.

ಹಿಂದಿರುಗಿಸಲು ಕೇಳಿದಾಗ, ಹಳೆಯ ವಸ್ತುವನ್ನು ವಾಪಸು ಪಡೆಯುವುದಿಲ್ಲ ಎಂಬ ಉತ್ತರ ಬಂತು. ಹೇಗೂ ಓಡುತ್ತಿದೆಯಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ನನ್ನ ನಿಜವಾದ ತಪ್ಪು ಅಲ್ಲಿಂದ ಶುರುವಾಯಿತು.

ದಿನವೂ ಬೆಳಿಗ್ಗೆ ಕೀ ಕೊಟ್ಟು ಜೇಬಿಗಿಳಿಸುತ್ತಿದ್ದೆ. ಮೊದಲ ತಿಂಗಳು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿದ್ದ ಗಡಿಯಾರ ಮೂರನೆಯ ತಿಂಗಳಿಗೆ ಹತ್ತು ನಿಮಿಷ ಹಿಂದೆ ಬೀಳತೊಡಗಿತು. ಹಳೆಯದಕ್ಕೆ ಇದು ಸಹಜವೆಂದು ಸುಮ್ಮನಿದ್ದೆ. ಒಂದು ದಿನ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ, ಸರಪಳಿ ಸಿಕ್ಕಿಸುವ ಮೇಲಿನ ಬಳೆ ಕಳಚಿ, ಸರಪಳಿ ಗುಂಡಿಯಲ್ಲೇ ನೇತಾಡುತ್ತಾ ಉಳಿಯಿತು; ಗಡಿಯಾರ ನೆಲಕ್ಕೆ ಬಿತ್ತು. ಕಿವಿಗೆ ಹಿಡಿದರೆ ಸದ್ದಿಲ್ಲ.

ರಿಪೇರಿ ಮಾಡುವ ಹಿರಿಯರು ಯಂತ್ರವನ್ನು ಬಿಚ್ಚಿ, ತಮ್ಮ ಕಣ್ಣಿನ ಮಸೂರವನ್ನು ನನ್ನ ಕೈಗಿತ್ತು ನೋಡಲು ಹೇಳಿದರು. ಅತ್ತಿತ್ತ ತೂಗಾಡಿ ಗಡಿಯಾರದ ಓಟವನ್ನು ಹದದಲ್ಲಿಡುವ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಮುರಿದಿತ್ತು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಪೂರವಾದ ಆ ತುದಿಗೆ, 1930ರ ದಶಕದಿಂದೀಚೆಗೆ ಬಳಕೆಗೆ ಬಂದ ಆಘಾತ ತಡೆಯುವ ಸ್ಪ್ರಿಂಗಿನ ರಕ್ಷಣೆ ಇಂಥ ಹಳೆಯ ಗಡಿಯಾರಗಳಲ್ಲಿ ಇರುವುದಿಲ್ಲ. ಆದರೆ ನನಗೆ ಹೆಚ್ಚು ನೋವಾದದ್ದು ಉಳಿದ ಚಕ್ರಗಳನ್ನು ನೋಡಿ. ಅಚ್ಚಿನ ತುದಿಗಳು ಕೂತು ತಿರುಗುವ ಕೆಂಪು ಹರಳುಗಳ ಸುತ್ತ ಕಾಡಿಗೆಯಂಥ ಕಪ್ಪು ಉಂಗುರ ಕಟ್ಟಿತ್ತು; ಕನ್ನಡಿಯಂತೆ ನಯವಾಗಿರಬೇಕಿದ್ದ ಅಚ್ಚಿನ ತುದಿಗಳಲ್ಲಿ ಗೀರುಗಳು ಬಿದ್ದಿದ್ದವು. ‘ಸರ್ವಿಸ್’ ಎಂಬ ಹೆಸರಿನಲ್ಲಿ ಯಾರೋ ಯಂತ್ರವನ್ನು ಬಿಚ್ಚಿ ತೊಳೆಯದೆ, ಒಣಗಿ ಅಂಟಾಗಿದ್ದ ಹಳೆಯ ಎಣ್ಣೆಯ ಮೇಲೆಯೇ ಹೊಸ ಎಣ್ಣೆ ಬಿಟ್ಟಿದ್ದರು. ಅದರಲ್ಲಿ ಬೆರೆತ ದೂಳು ಮತ್ತು ಲೋಹದ ಪುಡಿ ಉಕ್ಕನ್ನು ಅರೆಯುತ್ತಲೇ ಇತ್ತು. ಸೆಕೆಂಡಿಗೆ ಐದು ಮಿಡಿತವೆಂದರೆ ದಿನಕ್ಕೆ 4,32,000. ಆ ನಾಲ್ಕು ತಿಂಗಳಲ್ಲಿ ಐದು ಕೋಟಿ ಮಿಡಿತಗಳಷ್ಟು ಕಾಲ ನಾನೇ ಕೀ ಕೊಟ್ಟು ಅದನ್ನು ಸವೆಸಿದ್ದೆ.

ಆದ್ದರಿಂದ ದಯವಿಟ್ಟು ಯಂತ್ರದ ಸ್ಪಷ್ಟ ಚಿತ್ರವಿಲ್ಲದೆ ಹಣ ಕೊಡಬೇಡಿ. ಚಿತ್ರ ಬಂದ ಮೇಲೆ ತಿರುಪುಗಳ ಸೀಳನ್ನು ನೋಡಿ. ಅಂಚು ಕಿತ್ತುಹೋಗಿದ್ದರೆ ಒರಟು ಕೈಗಳು ಅಲ್ಲಿ ಓಡಾಡಿವೆ ಎಂದರ್ಥ. ಸರ್ವಿಸ್ ಆಗಿದೆ ಎನ್ನುವವರನ್ನು ಯಾರು, ಯಾವಾಗ, ಏನೇನು ಮಾಡಿದರೆಂದು ಕೇಳಿ, ರಸೀದಿ ತೋರಿಸಲು ಹೇಳಿ. ಉತ್ತರ ಏನೇ ಬಂದರೂ, ನೀವೇ ನಂಬುವ ಒಬ್ಬರಿಂದ ಪೂರ್ತಿ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸುವವರೆಗೆ ದಿನವೂ ಕೀ ಕೊಟ್ಟು ಓಡಿಸಬೇಡಿ. ಆ ಖರ್ಚನ್ನು ಗಡಿಯಾರದ ಬೆಲೆಯ ಭಾಗವೆಂದೇ ಎಣಿಸಿ. ಮೇಲಿನ ಬಳೆಯ ಸವೆತವನ್ನೂ ಅವರಿಗೇ ತೋರಿಸಿ.

ನನ್ನ ಗಡಿಯಾರಕ್ಕೆ ಅದೇ ಮಾದರಿಯ ಇನ್ನೊಂದು ಕೆಟ್ಟ ಯಂತ್ರದಿಂದ ಅಚ್ಚು ತೆಗೆದು ಹಾಕಬೇಕಾಗಿದೆ. ಆ ಹಿರಿಯರು ಹುಡುಕುತ್ತಿದ್ದಾರೆ. ಬಿಚ್ಚಿದ ಭಾಗಗಳೆಲ್ಲ ಅವರ ಮೇಜಿನ ಮೇಲೆ ಮುಚ್ಚಳವಿರುವ ಪುಟ್ಟ ಡಬ್ಬಿಯೊಂದರಲ್ಲಿವೆ.