ಜಾಲರಿ ಬಿಚ್ಚಿ ನೋಡದೆ ಹಳೆಯ ಸ್ಪೀಕರ್‌ಗೆ ಹಣ ಕೊಡಬೇಡಿ

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ, ಇನ್ನೇನು ಮಳೆ ಹಿಡಿಯುತ್ತದೆ ಎನ್ನುವಾಗ, 42,000 ರೂಪಾಯಿ ಕೊಟ್ಟು ಒಂದು ಜೊತೆ ಹಳೆಯ ಹೈ-ಫೈ ಸ್ಪೀಕರ್‌ಗಳನ್ನು ಕೊಂಡೆ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಬಂಗಲೆಯಲ್ಲಿ ಇದ್ದವು, ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಕೇಳುವವರಿಲ್ಲದೆ ಮಾರಾಟಕ್ಕೆ ಬಂದಿವೆ ಎಂದು ಮಾರಿದವರು ಹೇಳಿದ್ದರು. ಚಿಕ್ಕಮಗಳೂರಿನ ನಮ್ಮ ಮನೆಗೆ ತಂದು ಎರಡು ವಾರ ಕಳೆಯುವಷ್ಟರಲ್ಲಿ ಒಂದು ವೂಫರ್ (ತಗ್ಗಿನ ನಾದ ನುಡಿಸುವ ದೊಡ್ಡ ಭಾಗ) ಕೆರೆಯತೊಡಗಿತು, ಒಂದು ಟ್ವೀಟರ್ (ಏರಿನ ನಾದ ನುಡಿಸುವ ಚಿಕ್ಕ ಭಾಗ) ಮೊದಲೇ ಸತ್ತಿತ್ತೆಂದು ಗೊತ್ತಾಯಿತು, ಎರಡು ಪೆಟ್ಟಿಗೆಗಳಲ್ಲಿ ಇರುವುದು ಒಂದೇ ಜೊತೆಯ ವೂಫರ್‌ಗಳಲ್ಲ ಎಂಬುದೂ ಬಯಲಾಯಿತು. ನಮ್ಮ ಜಿಲ್ಲೆಯಲ್ಲೂ ಪಕ್ಕದ ಹಾಸನದಲ್ಲೂ ಇಂತಹ ಹಳೆಯ ಮನೆಗಳ ಸಾಮಾನು ಆಗಾಗ ಮಾರಾಟಕ್ಕೆ ಬರುತ್ತಲೇ ಇರುತ್ತದೆ. ಕೊಳ್ಳುವ ಆಸೆಯಿರುವವರು ನನ್ನಂತೆ ಕೈ ಸುಟ್ಟುಕೊಳ್ಳಬಾರದೆಂದು ನಡೆದದ್ದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ನೋಡಲು ಹೋದ ದಿನ ಆ ಪೆಟ್ಟಿಗೆಗಳು ಕಣ್ಣು ತುಂಬುವಂತಿದ್ದವು. ಎರಡೂವರೆ ಅಡಿ ಎತ್ತರ, ಮೇಲೆ ಅಕ್ರೋಟು ಮರದ ತೆಳು ಹೊದಿಕೆ, ಮುಂಭಾಗಕ್ಕೆ ಕಂದು ಬಟ್ಟೆಯ ಜಾಲರಿ. ಆಗಷ್ಟೇ ಪಾಲಿಶ್ ಹಚ್ಚಿದ ವಾಸನೆ ಕೋಣೆಯ ತುಂಬ ಇತ್ತು, ಆ ವಾಸನೆಯ ಅಡಿಯಲ್ಲಿ ಬೂಸ್ಟಿನ ವಾಸನೆ ಇದ್ದಿರಬಹುದೆಂದು ನನಗೆ ಹೊಳೆಯಲಿಲ್ಲ. ಜಾಲರಿ ತೆಗೆದು ತೋರಿಸಿ ಎಂದು ನಾನು ಕೇಳಿದ್ದು ನಿಜ. "ಬೇಡ ಸಾರ್, ನಲವತ್ತು ವರ್ಷದ ಮಾಲು, ಎಳೆದರೆ ಗೂಟ ಮುರಿದುಹೋಗುತ್ತವೆ, ಆಮೇಲೆ ಎಲ್ಲೂ ಸಿಗಲ್ಲ" ಎಂದರು. ಅವರ ಮಾತಿನಲ್ಲಿ ಆ ವಸ್ತುವಿನ ಬಗ್ಗೆ ಕಾಳಜಿ ಇರುವಂತೆ ಕಂಡಿತು, ನಾನು ಸುಮ್ಮನಾದೆ. ಅಂದು ನಾನು ಮಾಡಿದ ದೊಡ್ಡ ತಪ್ಪು ಇದೇ. ಆ ಮೇಲೆ ಅವರು ಕೊಳಲಿನ ಒಂದು ಕಛೇರಿಯನ್ನು ಮೆಲ್ಲನೆ ಹಾಕಿದರು. ಕೊಳಲಿನಲ್ಲಿ ವೂಫರ್‌ನ ಕೋನ್, ಅಂದರೆ ನಾದ ಹೊಮ್ಮಿಸುವ ಕಾಗದದ ಬಟ್ಟಲು, ಮುಂದಕ್ಕೂ ಹಿಂದಕ್ಕೂ ಹೆಚ್ಚು ಚಲಿಸಬೇಕಾದಷ್ಟು ತಗ್ಗಿನ ನಾದ ಇರುವುದಿಲ್ಲ. ಆದ್ದರಿಂದ ಕೋನ್‌ನ ಅಂಚು ಹರಿದಿದ್ದರೂ ಅದು ಕಿವಿಗೆ ಸಿಕ್ಕಿಬೀಳುವುದಿಲ್ಲ. ಆಂಪ್ಲಿಫಯರ್‌ನಲ್ಲಿ ಏರಿನ ನಾದವನ್ನು ಹೆಚ್ಚಿಸುವ ಟ್ರೆಬಲ್ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿಟ್ಟಿದ್ದರು, ಎರಡೂ ಸ್ಪೀಕರ್‌ಗಳನ್ನು ಒಟ್ಟಿಗೇ ನುಡಿಸಿದರು. ಒಂದರಲ್ಲಿ ಟ್ವೀಟರ್ ನುಡಿಯದಿರುವುದನ್ನು ಇನ್ನೊಂದು ಮುಚ್ಚಿಹಾಕಿತು.

ಮನೆಗೆ ತಂದ ಮೇಲೆ ಮೊದಲ ಕೆಲವು ದಿನ ಹಾಡುಗಾರಿಕೆಯನ್ನೇ ಕೇಳಿದೆವು. ಒಂದು ರಾತ್ರಿ ತನಿ ಆವರ್ತನ (ತಾಳವಾದ್ಯಗಳು ಮಾತ್ರ ನುಡಿಯುವ ಭಾಗ) ಇರುವ ಕಛೇರಿಯೊಂದನ್ನು ಹಾಕಿದಾಗ, ಮೃದಂಗದ ಎಡಭಾಗದ ತಗ್ಗಿನ ನಾದ, ಗುಂಕಿ, ಬಂದಾಗಲೆಲ್ಲ ಎಡಗಡೆಯ ಪೆಟ್ಟಿಗೆಯೊಳಗಿನಿಂದ ಒಣಗಿದ ಬಾಳೆ ಎಲೆಯನ್ನು ಕೈಯಲ್ಲಿ ಹಿಸುಕಿದಂತಹ ಸದ್ದು ಬಂತು. ಜಾಲರಿಯನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದೆ. ನಾಲ್ಕು ಗೂಟಗಳೂ ಯಾವ ತಕರಾರೂ ಇಲ್ಲದೆ ಕಳಚಿಕೊಂಡವು. ಒಳಗೆ ಕಂಡದ್ದನ್ನು ನಾನು ಮರೆಯಲಾರೆ. ವೂಫರ್‌ನ ಕಾಗದದ ಕೋನ್‌ಗೂ ಕಬ್ಬಿಣದ ಚೌಕಟ್ಟಿಗೂ ನಡುವೆ ಉಂಗುರದಂತೆ ಇರಬೇಕಾದ ಫೋಮ್ ಅಂಚು ಅರ್ಧಕ್ಕರ್ಧ ಉದುರಿಹೋಗಿತ್ತು. ಉಳಿದ ಅರ್ಧದ ಮೇಲೆ ಯಾರೋ ಕಪ್ಪು ಬಣ್ಣ ಬಳಿದು, ಬಿರುಕುಗಳಿಗೆ ಬಟ್ಟೆಯ ಟೇಪಿನ ತುಂಡುಗಳನ್ನು ಅಂಟಿಸಿದ್ದರು. ಬೆರಳಿಟ್ಟು ಮುಟ್ಟಿದರೆ ಹಳೆಯ ಬೆಲ್ಲದ ಪಾಕದಂತೆ ಕಂದು ಅಂಟು ಬೆರಳಿಗೆ ಹತ್ತಿಕೊಂಡಿತು, ಸೋಪು ಹಾಕಿ ತೊಳೆದರೂ ಬೇಗ ಹೋಗಲಿಲ್ಲ. ಪೆಟ್ಟಿಗೆಯ ಒಳತಳದಲ್ಲಿ ಉದುರಿದ ಫೋಮ್‌ನ ಪುಡಿ ಕಾಫಿ ಪುಡಿಯಂತೆ ರಾಶಿಬಿದ್ದಿತ್ತು.

ಇದಕ್ಕೆ ಕಾರಣವನ್ನು ಆ ಮೇಲೆ ತಿಳಿದುಕೊಂಡೆ. 1970 ಮತ್ತು 80ರ ದಶಕಗಳ ಬಹಳಷ್ಟು ವೂಫರ್‌ಗಳ ಅಂಚು ಪಾಲಿಯೂರಿಥೇನ್ ಫೋಮ್‌ನದು. ಗಾಳಿಯಲ್ಲಿರುವ ತೇವಾಂಶವೇ ಆ ಫೋಮ್‌ನ ಅಣುಗಳನ್ನು ನಿಧಾನವಾಗಿ ಕಡಿಯುತ್ತದೆ, ಸ್ಪೀಕರನ್ನು ಬಳಸಲಿ ಬಿಡಲಿ ಹದಿನೈದು ಇಪ್ಪತ್ತು ವರ್ಷಕ್ಕೆ ಅದು ಅಂಟಾಗುತ್ತದೆ ಅಥವಾ ಪುಡಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚರ್ಮದ ಚಪ್ಪಲಿಗೂ ಬೂಸ್ಟು ಹಿಡಿಯುವ ಮಲೆನಾಡಿನಲ್ಲಿ ಅಷ್ಟು ಕಾಲವೂ ಬೇಕಾಗುವುದಿಲ್ಲ. "ಒಬ್ಬರೇ ಬಳಸಿದ್ದು, ಕಡಿಮೆ ನುಡಿಸಿದ್ದು" ಎಂಬ ಮಾತಿಗೆ ಫೋಮ್‌ನ ವಿಷಯದಲ್ಲಿ ಯಾವ ಬೆಲೆಯೂ ಇಲ್ಲ. ರಬ್ಬರಿನ ಅಂಚು ಮತ್ತು ಲೇಪ ಹಚ್ಚಿದ ಬಟ್ಟೆಯ ಅಂಚು ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತವೆ. ಆದ್ದರಿಂದ ನಿಮ್ಮ ಮುಂದೆ ಇರುವುದು ಯಾವ ಬಗೆಯ ಅಂಚು ಎಂಬುದನ್ನು ಕಣ್ಣಾರೆ ನೋಡದೆ ಬೆಲೆಯ ಮಾತನ್ನೇ ಎತ್ತಬಾರದು.

ಮರುದಿನ ವಿದ್ಯುತ್ತಿನ ರೋಧವನ್ನು ಓಮ್ ಲೆಕ್ಕದಲ್ಲಿ ಅಳೆಯುವ ಮಲ್ಟಿಮೀಟರ್ ಒಂದನ್ನು ಗೆಳೆಯರೊಬ್ಬರಿಂದ ತಂದು ಹಿಂಬದಿಯ ಟರ್ಮಿನಲ್‌ಗಳಿಗೆ ಹಿಡಿದೆ. 8 ಓಮ್ ಎಂದು ಬರೆದಿರುವ ಸ್ಪೀಕರ್ ಮೀಟರಿನಲ್ಲಿ ಸಾಮಾನ್ಯವಾಗಿ 5.5ರಿಂದ 7 ಓಮ್‌ವರೆಗೆ ತೋರಿಸುತ್ತದೆ. ಬಲಗಡೆಯದು 6.1 ತೋರಿಸಿತು, ಎಡಗಡೆಯದು 3.4. ಎಡಪೆಟ್ಟಿಗೆಗೆ ಬೇರೆಲ್ಲಿಂದಲೋ ತಂದ 4 ಓಮ್‌ನ ವೂಫರ್ ಕೂರಿಸಿದ್ದರು. 8 ಓಮ್‌ಗೆಂದೇ ಮಾಡಿದ ಹಳೆಯ ಆಂಪ್ಲಿಫಯರ್‌ಗೆ ಇಂತಹುದನ್ನು ಜೋಡಿಸಿ ಜೋರಾಗಿ ನುಡಿಸಿದರೆ ಅದು ಕಾದು ಹಾಳಾಗುವ ಸಂಭವವಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಟ್ವೀಟರ್‌ಗೆ ಹೋಗುವ ದಾರಿಯಲ್ಲಿ ಕೆಪಾಸಿಟರ್ ಇರುತ್ತದೆ, ಮೀಟರಿನ ನೇರ ವಿದ್ಯುತ್ತನ್ನು ಅದು ಮುಂದಕ್ಕೆ ಬಿಡುವುದಿಲ್ಲ. ಹಾಗಾಗಿ ಹೊರಗಿನ ಟರ್ಮಿನಲ್‌ನಲ್ಲಿ ಸರಿಯಾದ ಅಂಕಿ ಬಂದರೂ ಟ್ವೀಟರ್ ಸತ್ತಿರಬಹುದು. ಅದಕ್ಕೆ ಸುಲಭದ ಉಪಾಯವೆಂದರೆ, ಒಂದೊಂದೇ ಸ್ಪೀಕರನ್ನು ಬೇರೆ ಬೇರೆಯಾಗಿ ನುಡಿಸಿ, ವೃತ್ತಪತ್ರಿಕೆಯನ್ನು ಕೊಳವೆಯಂತೆ ಸುತ್ತಿ ಒಂದು ತುದಿಯನ್ನು ಟ್ವೀಟರ್‌ನ ಎದುರಿಗೂ ಇನ್ನೊಂದನ್ನು ಕಿವಿಗೂ ಹಿಡಿಯುವುದು. ತಾಳದ, ಗೆಜ್ಜೆಯ ಸದ್ದು ಅಲ್ಲಿಂದ ಸ್ಪಷ್ಟವಾಗಿ ಬರಬೇಕು. ನನ್ನ ಎಡಗಡೆಯ ಟ್ವೀಟರ್‌ನಿಂದ ಏನೂ ಬರಲಿಲ್ಲ.

ಮಾರಿದವರಿಗೆ ಫೋನ್ ಮಾಡಿದೆ. ಮೊದಲ ದಿನ ಬಂದು ನೋಡುತ್ತೇನೆ ಎಂದರು, ಎರಡನೆಯ ದಿನ ಮಳೆ ಎಂದರು, ಮೂರನೆಯ ದಿನದಿಂದ ಎತ್ತಲಿಲ್ಲ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆಸಿದ ಆಲ್ನಿಕೋ ಅಯಸ್ಕಾಂತದ ಸ್ಪೀಕರ್ ಎಂದು ಅವರು ಹೇಳಿದ್ದೂ ಸುಳ್ಳಾಗಿತ್ತು, ಹಿಂದೆ ಇದ್ದದ್ದು ಕಪ್ಪು ಫೆರೈಟ್ ಅಯಸ್ಕಾಂತದ ಬಿಲ್ಲೆ. ಫೆರೈಟ್ ಕೆಟ್ಟದ್ದೇನೂ ಅಲ್ಲ. 1978ರಲ್ಲಿ ಜೈರ್ ದೇಶದ (ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ಗಲಭೆಯಿಂದ ಕೋಬಾಲ್ಟ್‌ನ ಬೆಲೆ ಏರಿದ ಮೇಲೆ ಹೆಸರಾಂತ ಕಂಪನಿಗಳೂ ಆಲ್ನಿಕೋ ಬಿಟ್ಟು ಅದಕ್ಕೇ ಬಂದವು. 1980ರ ದಶಕದ ಮಾಲಿಗೆ ಆಲ್ನಿಕೋ ಎಂದು ಯಾರಾದರೂ ಹೇಳಿದರೆ ವೂಫರ್ ಬಿಚ್ಚಿ ತೋರಿಸಲು ಕೇಳಬೇಕೆಂಬುದು ನನಗೆ ಆಗ ಗೊತ್ತಿದ್ದರೆ ಚೆನ್ನಾಗಿತ್ತು.

ಎರಡನೆಯ ನಷ್ಟ ನನ್ನ ಅವಸರದಿಂದ ಆದದ್ದು. ಟಿವಿ, ಮಿಕ್ಸರ್ ರಿಪೇರಿ ಮಾಡುವ ಒಂದು ಅಂಗಡಿಗೆ ಎರಡನ್ನೂ ಒಯ್ದು ಕೊಟ್ಟೆ. ಅವರು ಒಳ್ಳೆಯ ಕೆಲಸಗಾರರೇ ಇರಬಹುದು, ಆದರೆ ಇದು ಅವರಿಗೆ ತಿಳಿದ ಕೆಲಸವಾಗಿರಲಿಲ್ಲ. ಫೋಮ್ ಸಿಗುವುದಿಲ್ಲವೆಂದು ಸೈಕಲ್ ಟ್ಯೂಬನ್ನು ಉಂಗುರವಾಗಿ ಕತ್ತರಿಸಿ ಅಂಟಿಸಿದರು. ಆ ದಪ್ಪ ರಬ್ಬರಿನ ಬಿಗಿಗೆ ಕೋನ್ ಅಲುಗಾಡದೆ ಹೋಯಿತು, ಒಂದು ಪಕ್ಕಕ್ಕೆ ವಾಲಿ, ಅದರ ಬುಡಕ್ಕೆ ಅಂಟಿದ ತಂತಿಯ ಸುರುಳಿ (ವಾಯ್ಸ್ ಕಾಯಿಲ್) ಒಳಗಿನ ಕಬ್ಬಿಣಕ್ಕೆ ಉಜ್ಜತೊಡಗಿತು. ತಗ್ಗಿನ ನಾದವನ್ನೂ ಏರಿನ ನಾದವನ್ನೂ ಬೇರ್ಪಡಿಸುವ ಕ್ರಾಸ್‌ಓವರ್‌ನ ಒಣಗಿದ ಕೆಪಾಸಿಟರ್ ತೆಗೆದು ಸಾಮಾನ್ಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹಾಕಿದರು. ಮೈಮೇಲೆ ಒಂದು ಪಕ್ಕದಲ್ಲಿ ಮೈನಸ್ ಗುರುತಿನ ಪಟ್ಟಿ ಇರುವ ಕೆಪಾಸಿಟರ್ ಅದು. ಸ್ಪೀಕರ್‌ಗೆ ಬರುವ ವಿದ್ಯುತ್ತು ಕ್ಷಣಕ್ಷಣವೂ ದಿಕ್ಕು ಬದಲಿಸುವಂಥದ್ದು, ಅಲ್ಲಿ ಪ್ಲಸ್ ಮೈನಸ್ ಎಂಬ ಭೇದವಿಲ್ಲದ ನಾನ್-ಪೋಲಾರ್ ಕೆಪಾಸಿಟರ್ ಅಥವಾ ಫಿಲ್ಮ್ ಕೆಪಾಸಿಟರ್ ಮಾತ್ರ ಹಾಕಬೇಕು. ಮೂರು ವಾರದಲ್ಲಿ ಅದರ ತಲೆ ಉಬ್ಬಿತು, ಹೊಸದಾಗಿ ತರಿಸಿ ಹಾಕಿದ ಟ್ವೀಟರ್ ಅದರೊಂದಿಗೇ ಸುಟ್ಟುಹೋಯಿತು. ಆ ರಿಪೇರಿಗೆ ಕೊಟ್ಟ 6,500 ರೂಪಾಯಿಯೂ ನೀರುಪಾಲಾಯಿತು.

ಕೊನೆಗೆ ಸ್ಪೀಕರ್ ಕೆಲಸವನ್ನೇ ಮಾಡುವ ಹಿರಿಯರೊಬ್ಬರನ್ನು ಬೆಂಗಳೂರಿನಲ್ಲಿ ಹುಡುಕಿ, ಎರಡು ದಿನ ಅವರ ಪಕ್ಕದಲ್ಲೇ ಕೂತು ನೋಡಿದೆ. ಫೋಮ್ ತರಿಸುವ ಮೊದಲು ಅವರು "ಹತ್ತು ಇಂಚಿನದು" ಎಂಬ ಲೆಕ್ಕವನ್ನು ನಂಬದೆ ಕೋನ್‌ನ ಹೊರ ಅಳತೆ, ಚೌಕಟ್ಟಿನ ಒಳ ಅಳತೆ, ಉಬ್ಬಿನ ಅಗಲ ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡರು. ಹಳೆಯ ಅಂಟನ್ನು ಬಡಗಿಯ ಉಳಿಯಂತಹ ಚಿಕ್ಕ ಸಾಧನದಿಂದ ಕೆರೆಯಲು ಅವರಿಗೆ ಒಂದು ಪೂರ್ತಿ ಬೆಳಗು ಬೇಕಾಯಿತು. ಆ ಮೇಲೆ ಬ್ಲೇಡಿನಿಂದ ನಡುವಿನ ಧೂಳು ತಡೆಯುವ ಮುಚ್ಚಳವನ್ನು (ಡಸ್ಟ್ ಕ್ಯಾಪ್) ಬಿಡಿಸಿ, ವಾಯ್ಸ್ ಕಾಯಿಲ್ ಸುತ್ತಲಿನ ಕೂದಲೆಳೆಯಂತಹ ಸಂದಿಯೊಳಗೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗಳನ್ನು ನಾಲ್ಕು ಕಡೆಯೂ ಇಳಿಸಿದರು. ಕಾಯಿಲ್ ನಟ್ಟನಡುವೆ ನಿಲ್ಲುವುದು ಈ ಪಟ್ಟಿಗಳಿಂದಲೇ. ಫೋಮನ್ನು ಮೊದಲು ಕೋನ್‌ಗೆ ಅಂಟಿಸಿ ಒಣಗಲು ಬಿಟ್ಟು, ಬಳಿಕ ಚೌಕಟ್ಟಿಗೆ ಅಂಟಿಸಿ, ರಾತ್ರಿಯಿಡೀ ಮುಟ್ಟದೆ ಇಟ್ಟು, ಮರುದಿನ ಪಟ್ಟಿಗಳನ್ನು ಎಳೆದು ತೆಗೆದರು. ಕೋನ್‌ನ ಎರಡೂ ಬದಿಗೆ ಬೆರಳಿಟ್ಟು ಹಗುರವಾಗಿ ಒತ್ತಿ ಬಿಟ್ಟಾಗ ಯಾವ ಸದ್ದೂ ಇಲ್ಲದೆ ಅದು ಹಿಂತಿರುಗಿತು. ಇದೆಲ್ಲಕ್ಕೆ, 8 ಓಮ್‌ನ ಬೇರೆ ವೂಫರ್ ಮತ್ತು ಟ್ವೀಟರ್ ಸೇರಿ, 14,000 ರೂಪಾಯಿ ಆಯಿತು.

ಇದೇ ಬೆರಳಿನ ಪರೀಕ್ಷೆಯನ್ನು ಕೊಳ್ಳುವ ದಿನವೇ ಮಾಡಬೇಕು, ಕೆರೆಯುವ ಸದ್ದು ಒಂದಿಷ್ಟು ಕೇಳಿದರೂ ಅಲ್ಲಿಂದ ಎದ್ದು ಬರಬೇಕು. ಪೂರ್ತಿ ಮುಚ್ಚಿದ ಪೆಟ್ಟಿಗೆಯಾದರೆ ಇನ್ನೊಂದು ಗುರುತಿದೆ. ಎಡ್ಗರ್ ವಿಲ್ಚರ್ ಅವರು 1954ರಲ್ಲಿ ಅಮೆರಿಕದಲ್ಲಿ ಬಳಕೆಗೆ ತಂದ ಆ ವಿಧಾನದಲ್ಲಿ ಒಳಗಿನ ಗಾಳಿಯೇ ಕೋನ್‌ಗೆ ಸ್ಪ್ರಿಂಗು. ಒತ್ತಿ ಬಿಟ್ಟ ಕೋನ್ ನಿಧಾನವಾಗಿ ಹಿಂತಿರುಗಬೇಕು. ಚಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ಪೆಟ್ಟಿಗೆಯನ್ನು ಓರೆಮಾಡಿ ತಳವನ್ನೂ ನೋಡಿ. ನನ್ನದರ ತಳದ ಒಂದು ಮೂಲೆಯಲ್ಲಿ ಮರದ ಪುಡಿಯ ಹಲಗೆ ನೀರು ಕುಡಿದು ನೆನೆದ ಬಿಸ್ಕತ್ತಿನಂತೆ ಉಬ್ಬಿತ್ತು, ಅಲ್ಲಿಗೆ ಪಾಲಿಶ್ ಮುಟ್ಟಿರಲಿಲ್ಲ. ನುಡಿಸಿ ನೋಡಲು ನಿಮ್ಮದೇ ಸಂಗೀತ ಒಯ್ಯಿರಿ, ಅದರಲ್ಲಿ ಮೃದಂಗವೋ ಚಂಡೆ ಮದ್ದಳೆಯೋ ಇರಲಿ.

ನಮ್ಮ ಕಡೆ ಇವನ್ನು ಇಟ್ಟುಕೊಳ್ಳುವುದೂ ಒಂದು ಕೆಲಸವೇ. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿಸಿ ಇಡಬಾರದು, ನೆಲದಿಂದ ಅರ್ಧ ಅಡಿಯಾದರೂ ಮೇಲಿರಬೇಕು. ಧೂಳು ಬೀಳದಿರಲೆಂದು ಪ್ಲಾಸ್ಟಿಕ್ ಹಾಳೆ ಹೊದಿಸುವವರಿದ್ದಾರೆ, ಅದು ತೇವವನ್ನು ಒಳಗೇ ಹಿಡಿದಿಟ್ಟು ಬೂಸ್ಟು ಬೆಳೆಸುತ್ತದೆ. ಹತ್ತಿ ಬಟ್ಟೆ ಸಾಕು. ಕೋನ್ ಮೇಲೆ ಬೂಸ್ಟು ಕಂಡರೆ ಬಿಸಿಲಿರುವ ದಿನ ಮೃದುವಾದ ಒಣ ಕುಂಚದಿಂದ ಒರೆಸಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ, ಆದರೆ ಒಣಗಿಸಲೆಂದು ಬಚ್ಚಲೊಲೆಯ ಹತ್ತಿರವಾಗಲಿ ಅಂಗಳದ ಬಿಸಿಲಿಗಾಗಲಿ ಇಡಬೇಡಿ. ಹಿಂದೆ ಗಾಳಿಯ ತೂತಿರುವ ಪೆಟ್ಟಿಗೆಯಾದರೆ ಇಲಿ ಹೊಗದಂತೆ ಸಣ್ಣ ಕಣ್ಣಿನ ಜಾಲಿ ಹೊಡೆಸಿ.

ಕಳೆದ ವಾರ ಹಾಸನದ ಪರಿಚಯಸ್ಥರೊಬ್ಬರು ತಾವು ಕೊಳ್ಳಬೇಕೆಂದಿರುವ ಒಂದು ಜೊತೆ ಸ್ಪೀಕರ್‌ನ ಚಿತ್ರಗಳನ್ನು ನನಗೆ ಕಳಿಸಿದರು. ಸಕಲೇಶಪುರದ ಬಂಗಲೆಯ ಮಾಲು ಎಂದು ಹೇಳಿದ್ದಾರಂತೆ. ಒಟ್ಟು ಆರು ಚಿತ್ರಗಳಿದ್ದವು, ಆರರಲ್ಲೂ ಜಾಲರಿ ಹಾಕಿಯೇ ಇತ್ತು. ಹಣ ಕಳಿಸುವ ಮೊದಲು ಜಾಲರಿ ತೆಗೆದ ಚಿತ್ರ ಕೇಳಿ ಎಂದು ಅವರಿಗೆ ಹೇಳಿದ್ದೇನೆ, ಭಾನುವಾರ ನೋಡಲು ಹೋಗುವುದಾದರೆ ಮೀಟರ್ ಹಿಡಿದು ನಾನೂ ಜೊತೆಗೆ ಬರುತ್ತೇನೆ ಎಂದಿದ್ದೇನೆ.